ಹಳೆಯ ರೂಪ, ಹೊಸ ಯಂತ್ರ

ಈಚಿನ ವರ್ಷಗಳಲ್ಲಿ ನಮ್ಮ ಪೇಟೆಬೀದಿಗಳಲ್ಲಿ ಒಂದು ಸೋಜಿಗವನ್ನು ಕಾಣುತ್ತಿದ್ದೇವೆ. ದುಂಡನೆಯ ದೀಪ, ನೀರಹನಿಯ ಆಕಾರದ ಪೆಟ್ರೋಲ್ ಟ್ಯಾಂಕು, ತಂತಿಕಡ್ಡಿಗಳ ಗಾಲಿ, ಥಳಥಳಿಸುವ ಕ್ರೋಮ್ ಲೇಪ. ಅಜ್ಜನ ಕಾಲದ್ದೆಂದೇ ತೋರುವ ಮೋಟಾರ್ ಸೈಕಲ್ಲನ್ನೇರಿ ಇಪ್ಪತ್ತರ ಪ್ರಾಯದ ತರುಣನು ಸಾಗುತ್ತಿರುತ್ತಾನೆ. ಹತ್ತಿರ ಹೋಗಿ ನೋಡಿದರೆ ವಾಹನ ಹೊಚ್ಚಹೊಸದು. ಮುಂದೆ ನೋಡಬೇಕಾದ ವಯಸ್ಸಿನವರು ಹಿಂದಿನದಕ್ಕೆ ಮನಸೋಲುವುದೇಕೆ ಎಂಬ ಪ್ರಶ್ನೆ ಹಿರಿಯರಲ್ಲಿ ಮೂಡುವುದು ಸಹಜ.

ಈ ಒಲವು ನಮ್ಮ ನಾಡಿಗೆ ಮಾತ್ರ ಸೀಮಿತವಾದುದಲ್ಲ. ಬ್ರಿಟನ್ನಿನ ಟ್ರಯಂಫ್ ಸಂಸ್ಥೆಯು 1959ರ ತನ್ನ ಬಾನೆವಿಲ್ ವಾಹನವನ್ನು 2001ರಲ್ಲಿ ಹೊಸ ಯಂತ್ರದೊಡನೆ ಮರಳಿ ತಂದಿತು. 1955ರಿಂದ ಮದರಾಸಿನಲ್ಲಿ ತಯಾರಾಗುತ್ತ ಬಂದ ರಾಯಲ್ ಎನ್‌ಫೀಲ್ಡ್, 2009ರಲ್ಲಿ ಕ್ಲಾಸಿಕ್ ಎಂಬ ಹೆಸರಿನಲ್ಲಿ ಹಳೆಯ ಚೆಲುವಿನ ವಾಹನವನ್ನು ಹೊರತಂದಿತು. ಆದರೆ ಕನ್ನಡಿಗರಿಗೆ ಹೆಚ್ಚು ಆಪ್ತವಾದುದು ಜಾವಾದ ಕಥೆ.

1929ರಲ್ಲಿ ಪ್ರಾಗ್ ನಗರದ ಯಾನೆಚೆಕ್ ಎಂಬ ಉದ್ಯಮಿಯು ಜರ್ಮನಿಯ ವಾಂಡರರ್ ಸಂಸ್ಥೆಯಿಂದ ಮೋಟಾರ್ ಸೈಕಲ್ ತಯಾರಿಕೆಯ ಹಕ್ಕನ್ನು ಪಡೆದನು. ಎರಡೂ ಹೆಸರುಗಳ ಮೊದಲಕ್ಷರಗಳು ಕೂಡಿ ಜಾವಾ ಎಂದಾಯಿತು. 1961ರಲ್ಲಿ ಇದರ ತಯಾರಿಕೆ ನಮ್ಮ ಮೈಸೂರಿನಲ್ಲಿಯೇ, ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಆರಂಭವಾಯಿತು. 1970ರ ದಶಕದಲ್ಲಿ ಅದರ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಆದರೂ ಆ ವಾಹನಗಳ ಮೇಲಿನ ಅಭಿಮಾನ ಅಳಿಯಲಿಲ್ಲ. ಜುಲೈ ತಿಂಗಳಿನಲ್ಲಿ ಜಾವಾ ದಿನವನ್ನು ಆಚರಿಸಿ, ಹಳೆಯ ಗಾಡಿಗಳನ್ನು ಒರೆಸಿ ಬೀದಿಗಿಳಿಸುವವರು ಬೆಂಗಳೂರಿನಲ್ಲಿಯೂ ಮೈಸೂರಿನಲ್ಲಿಯೂ ಇದ್ದಾರೆ.

ನಮ್ಮ ಮನೆಯಲ್ಲಿಯೂ ತಂದೆಯವರ ಜಾವಾ ಒಂದಿತ್ತು. ಟ್ಯಾಂಕಿನ ಮೇಲೊಂದು ಮಗು, ಹಿಂದೆ ತಾಯಿ, ಅವರ ಮಡಿಲಲ್ಲಿ ಇನ್ನೊಂದು ಮಗು. ಸುತ್ತೂರಿನ ಜಾತ್ರೆಗೆ ನಾವು ಹೋಗುತ್ತಿದ್ದುದು ಹಾಗೆಯೇ. ಕಿಕ್ ಹೊಡೆದ ಸನ್ನೆಯನ್ನೇ ಮುಂದಕ್ಕೆ ಬಾಗಿಸಿದರೆ ಅದು ಗೇರಿನ ಸನ್ನೆಯಾಗುವ ಜಾಣ್ಮೆಯನ್ನು ನಾವು ಬೆರಗಿನಿಂದ ನೋಡುತ್ತಿದ್ದೆವು. ಪೆಟ್ರೋಲಿಗೆ ಅಳತೆ ಮಾಡಿ ಎಣ್ಣೆ ಬೆರೆಸಬೇಕು, ಪ್ಲಗ್ಗಿಗೆ ಹಿಡಿದ ಮಸಿಯನ್ನು ತೆಗೆಯಬೇಕು. ವಾರಕ್ಕೊಮ್ಮೆ ತಂದೆಯವರು ಅದರ ಮುಂದೆ ಕುಳಿತರೆಂದರೆ, ಪೂಜೆ ಮುಗಿಸಿ ಕಾಯಕಕ್ಕೆ ಕುಳಿತಂತೆಯೇ ಇರುತ್ತಿತ್ತು. ಯಂತ್ರವು ಮಾತು ಕೇಳಬೇಕಾದರೆ ನಾವು ಮೊದಲು ಅದರ ಮಾತು ಕೇಳಬೇಕು ಎನ್ನುತ್ತಿದ್ದರು.

ತಂದೆಯವರು ಲಿಂಗೈಕ್ಯರಾದ ಬಳಿಕ, ದುಡಿಯತೊಡಗಿದ ನಮ್ಮ ಮಗನು ವಾಹನ ಕೊಳ್ಳಲು ಹೊರಟಾಗ ಕೇಳಿದುದು ಒಂದೇ: ನೋಡಲು ಅಜ್ಜನ ಗಾಡಿಯಂತಿರಬೇಕು. ಮಗನ ತಾಯಿಗೆ ಮಾತ್ರ ಆತಂಕ. ರೂಪ ಹಳೆಯದಾದರೆ ಬ್ರೇಕೂ ಹಳೆಯದೇ ಏನೋ ಎಂದು. ಆಗ ನಾವು ಕೂಲಂಕಷವಾಗಿ ವಿಚಾರಿಸಿದೆವು.

2018ರಲ್ಲಿ ಮರಳಿ ಬಂದ ಜಾವಾದ ಹೊರಗಿನ ಚೆಲುವು ಹಿಂದಿನದು, ಒಳಗಿನದು ಬೇರೆಯೇ. ಹಳೆಯದು 250 ಸಿ.ಸಿ.ಯ ಟೂ ಸ್ಟ್ರೋಕ್ ಎಂಜಿನ್. ಇಂಧನದ ಒಂದಂಶ ಉರಿಯದೆಯೇ ಹೊರಬಿದ್ದು, ಬೆರೆಸಿದ ಎಣ್ಣೆ ನೀಲಿ ಹೊಗೆಯಾಗುತ್ತಿತ್ತು. ಹೊಸದು 293 ಸಿ.ಸಿ.ಯ ಫೋರ್ ಸ್ಟ್ರೋಕ್. ಇಂಧನವನ್ನು ವಿದ್ಯುನ್ಮಾನ ವ್ಯವಸ್ಥೆಯೇ ಅಳೆದು ಸಿಂಪಡಿಸುತ್ತದೆ, ಎಂಜಿನ್ನನ್ನು ದ್ರವವು ತಂಪಾಗಿರಿಸುತ್ತದೆ. ಗಾಲಿಯು ತಟ್ಟನೆ ಬಿಗಿದು ಜಾರದಂತೆ ತಡೆಯುವ ಎ.ಬಿ.ಎಸ್. ವ್ಯವಸ್ಥೆಯು 2019ರ ಏಪ್ರಿಲಿನಿಂದ 125 ಸಿ.ಸಿ.ಗೆ ಮೇಲ್ಪಟ್ಟ ಎಲ್ಲ ಹೊಸ ದ್ವಿಚಕ್ರ ವಾಹನಗಳಿಗೂ ಕಡ್ಡಾಯವಾಗಿದೆ. ಇದನ್ನು ತಿಳಿದ ಬಳಿಕ ತಾಯಿಯ ಮನಸ್ಸು ಹಗುರಾಯಿತು.

ಹಾಗಾದರೆ ಇದು ಬರಿಯ ವೇಷವಲ್ಲವೇ ಎಂದು ಕೇಳುವವರುಂಟು. ವೇಷವೂ ಇದೆ. ಇಂಧನ ಸಿಂಪಡಿಸುವ ವ್ಯವಸ್ಥೆ ಬಂದಾಗ ಬಾನೆವಿಲ್ಲಿನಲ್ಲಿ ಆ ಭಾಗಗಳನ್ನು ಹಳೆಯ ಕಾರ್ಬ್ಯುರೇಟರಿನಂತೆ ಕಾಣಿಸುವ ಹಾಗೆ ರೂಪಿಸಿದರು. ಲಾಂಛನವಿದ್ದರೆ ಸಾಲದು, ಅದಕ್ಕೊಪ್ಪುವ ಆಚಾರವಿರಬೇಕೆಂದು ಕೇಳುತ್ತ ಬೆಳೆದವರು ನಾವು. ಇಂತಹುದನ್ನು ಕಂಡು ನಗುವುದು ಸುಲಭ. ಆದರೆ ಹಿರಿಯರ ರೂಪವನ್ನು ಉಳಿಸಿಕೊಂಡು, ಅವರ ಕಾಲದ ಅಪಾಯವನ್ನೂ ಹೊಗೆಯನ್ನೂ ಬಿಡುವುದರಲ್ಲಿ ನಮಗೆ ತಪ್ಪು ಕಾಣದು. ಒಳ್ಳೆಯ ಮನೆತನಗಳು ಬಾಳುವುದೂ ಹೀಗೆಯೇ.

ನಮ್ಮನ್ನು ಕಾಡುವುದು ಬೇರೆ ಸಂಗತಿ. ಜಾವಾ ಮರಳಿತು, 2022ರಲ್ಲಿ ಯೆಜ್ಡಿಯೂ ಮರಳಿತು. ಆದರೆ ಅವು ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಮೈಸೂರಿನಲ್ಲಿ ಅವುಗಳ ಒಂದೊಂದು ಭಾಗವನ್ನೂ ಕೂಡಿಸಿದ ಕೈಗಳಿಗೆ ಆ ಕಾಯಕ ಮರಳಲಿಲ್ಲ. ಆ ಚೆಲುವನ್ನು ಮೆಚ್ಚುವ ತರುಣರಿಗೆ ಅದರ ಹಿಂದೆ ದುಡಿದವರ ನೆನಪೂ ಇರಬೇಕಲ್ಲವೇ? ಹಾಗೆಯೇ, ಹೊಸ ಯಂತ್ರಕ್ಕೆ ಒಡೆಯನ ಕೈ ಬೇಕಾಗುವುದು ಅಪರೂಪ. ಎಣ್ಣೆ ಬೆರೆಸುವುದಿಲ್ಲ, ಮಸಿ ಒರೆಸುವುದಿಲ್ಲ. ಕೆಟ್ಟರೆ ಸರ್ವಿಸ್ ಕೇಂದ್ರಕ್ಕೆ ಒಯ್ಯುವುದಷ್ಟೇ. ತಂದೆಯವರ ತಾಳ್ಮೆಯನ್ನು ಯಾವ ಸಂಸ್ಥೆಯೂ ವಾಹನದೊಡನೆ ಕೊಡಲಾರದು.

ಆದುದರಿಂದ ಇಂತಹ ವಾಹನವನ್ನು ಬಯಸುವ ಮಕ್ಕಳನ್ನು ಹಿರಿಯರು ಗದರಿಸುವುದು ಬೇಡ. ಸಾಲದ ಹೊರೆ ಮೀರದಂತೆ ಲೆಕ್ಕ ಹಾಕಿಸಿ, ಮುಂದೆ ಕುಳಿತವರಿಗೂ ಹಿಂದೆ ಕುಳಿತವರಿಗೂ ಹೆಲ್ಮೆಟ್ ಇರಲಿ ಎಂದು ಹೇಳಿ. ಸರಪಳಿಗೆ ಎಣ್ಣೆ ಹಾಕುವುದನ್ನೂ ಗಾಲಿಯ ಗಾಳಿ ನೋಡುವುದನ್ನೂ ಅವರೇ ಕಲಿಯಲಿ. ಬಿಡುವಿನ ದಿನ ಪಕ್ಕದಲ್ಲಿ ಕುಳಿತು, ಹಿಂದಿನವರು ಒಂದು ಗಾಡಿಯನ್ನು ಮೂವತ್ತು ವರ್ಷ ಹೇಗೆ ಬಾಳಿಸಿದರೆಂಬುದನ್ನು ತಿಳಿಸಿ. ಮಕ್ಕಳು ಆಸೆಪಟ್ಟು ಕೇಳುವ ಮಾತು ಅದು.