ರಿವರ್ಸ್ ಗೇರಿಗೂ ಕರೆಂಟು

ಗೋವಿನಕೋವಿಯಲ್ಲಿ ಹುಟ್ಟಿ, ಈಗ ಡೆಟ್ರಾಯಿಟ್ ಹೊರವಲಯದಲ್ಲಿ ಮನೆ ಮಾಡಿಕೊಂಡಿರುವ ಎಂಜಿನಿಯರ್ ಒಬ್ಬರು ಇತ್ತೀಚೆಗೆ ಊರಿನ ಅಣ್ಣನಿಗೆ ಫೋನ್ ಮಾಡಿ, ಕಾರಿನ ಹೊಟ್ಟೆಯೊಳಗಿಂದ ಬರುವ ‘ಟಕ್’ ಸದ್ದನ್ನು ಕೇಳಿಸಿದರು. ಅಣ್ಣನಿಗೆ ಅದರ ತಲೆಬುಡ ತಿಳಿಯಲಿಲ್ಲ. ವಿವರಣೆ ಮುಗಿದ ಮೇಲೆ ಒಂದೇ ಪ್ರಶ್ನೆ ಬಂತು: “ಅಲ್ಲೋ ತಮ್ಮಾ, ಹಿಂದಕ್ಕೆ ಹೋಗಾಕೂ ಕರೆಂಟ್ ಬೇಕೇನೋ?”

ಬೇಕು. ಕಾರು 2000ನೇ ಇಸವಿಯ ಕಮಾರೊ. ಅದರಲ್ಲಿದ್ದ ಆಟೊಮ್ಯಾಟಿಕ್ ಗೇರ್ ಬಾಕ್ಸ್ ಇಳಿಸಿ, ಆರು ಗೇರಿನ ಟಿ-56 ಮ್ಯಾನ್ಯುಯಲ್ ಏರಿಸಿದ್ದಾಗಿತ್ತು. ಕ್ಲಚ್ ಪೆಡಲ್, ಹೈಡ್ರಾಲಿಕ್ಸ್, ಕ್ರಾಸ್‌ಮೆಂಬರ್ ಎಲ್ಲ ಕೂತು ಗಾಡಿ ಓಡಾಡುತ್ತಿದ್ದರೂ ರಿವರ್ಸ್ ಹಾಕಲು ಮಾತ್ರ ಮೈಯ ಬಲವೆಲ್ಲ ಬೇಕಾಗುತ್ತಿತ್ತು. ಕನ್ನಡಿಗರ ಯುಗಾದಿ ಊಟ ಮುಗಿದ ಮೇಲೆ, ಗೋಡೆಗೆ ಮೂತಿಯಿಟ್ಟು ನಿಂತ ಕಾರಿನಲ್ಲಿ ಅವರು ಎರಡೂ ಕೈಯಲ್ಲಿ ಗೇರ್ ಕಡ್ಡಿ ನೂಕುತ್ತಿದ್ದುದನ್ನು ಹೋಳಿಗೆ ಡಬ್ಬಿ ಹಿಡಿದ ಮಂದಿ ನಿಂತು ನೋಡಿದರು.

ಟಿ-56 ಹುಟ್ಟಿದ್ದು ಬೋರ್ಗ್‌ವಾರ್ನರ್‌ನಲ್ಲಿ, ಮೊದಲು ಕೂತದ್ದು 1992ರ ಡಾಡ್ಜ್ ವೈಪರ್‌ನಲ್ಲಿ. ಆಮೇಲೆ ಅದು ಮೆಕ್ಸಿಕೊ ಮೂಲದ ಟ್ರೆಮೆಕ್ ಕಂಪನಿಯ ಪಾಲಾಯಿತು. ಕಮಾರೊದಲ್ಲಿ ಅದರ ಗೇರುಗಳು ಮೇಲಿನ ಸಾಲಿನಲ್ಲಿ ಒಂದು, ಮೂರು, ಐದು. ಕೆಳಗಿನ ಸಾಲಿನಲ್ಲಿ ಎರಡು, ನಾಲ್ಕು, ಆರು. ರಿವರ್ಸ್ ಇರುವುದು ಐದರ ಪಕ್ಕದಲ್ಲೇ, ಬಲ ಮೂಲೆಯ ಮೇಲ್ಗಡೆ. ಐದು ಹಾಕಲು ಹೊರಟ ಕೈ ಒಂದಿಷ್ಟು ಉತ್ಸಾಹದಿಂದ ಬಲಕ್ಕೆ ಜರುಗಿತೋ, ಹೆದ್ದಾರಿಯ ವೇಗದಲ್ಲಿ ರಿವರ್ಸ್ ಬಾಗಿಲು ತಟ್ಟಿದಂತೆಯೇ. ಅದಕ್ಕೇ ಅಲ್ಲೊಂದು ಗಟ್ಟಿ ಸ್ಪ್ರಿಂಗಿನ ಕಾವಲು. ಗಾಡಿ ನಿಂತಾಗ ಅಥವಾ ಗಂಟೆಗೆ ಸುಮಾರು 5 ಮೈಲಿಗಿಂತ, ಅಂದರೆ 8 ಕಿ.ಮೀ.ಗಿಂತ, ನಿಧಾನವಾದಾಗ ಕಂಪ್ಯೂಟರ್ ಸೊಲೆನಾಯ್ಡಿಗೆ, ಅಂದರೆ ಕರೆಂಟು ಹರಿದಾಗ ಒಳಗಿನ ಕಡ್ಡಿಯನ್ನು ‘ಟಕ್’ ಎಂದು ಎಳೆಯುವ ಕಾಯಿಲಿಗೆ, ಕರೆಂಟು ಕೊಟ್ಟು ಆ ಸ್ಪ್ರಿಂಗಿನ ಬಿಗಿ ಸಡಿಲಿಸುತ್ತದೆ. ಆಟೊಮ್ಯಾಟಿಕ್ ಕಾರಿನ ವೈರಿಂಗಿನಲ್ಲಿ ಈ ತಂತಿ ಇರುವುದೇ ಇಲ್ಲ. ಹಾಗಾಗಿ ಬಾಕ್ಸ್ ಬದಲಾಯಿಸಿದವರೇ ಅದಕ್ಕೊಂದು ದಾರಿ ಹುಡುಕಬೇಕು.

ದಾರಿ ಹುಡುಕುವಲ್ಲೇ ಪಂಗಡಗಳು ಹುಟ್ಟಿಕೊಂಡಿವೆ.

ದೊಡ್ಡ ಪಂಗಡ ಬ್ರೇಕಿನವರದು. ಬ್ರೇಕ್ ಲೈಟಿಗೆ ಹೋಗುವ ತಂತಿಯಿಂದ ಒಂದು ಕವಲು ಎಳೆದು ಸೊಲೆನಾಯ್ಡಿಗೆ ಕೊಡು, ಇನ್ನೊಂದು ತುದಿಗೆ ಅರ್ತ್ ಕೊಡು. ಬ್ರೇಕ್ ತುಳಿದಾಗ ರಿವರ್ಸ್ ತೆರೆಯುತ್ತದೆ. ಹತ್ತು ನಿಮಿಷದ ಕೆಲಸ. ಎಂಜಿನಿಯರರ ಮೈಸೂರು ಕಡೆಯ ಗೆಳೆಯರೊಬ್ಬರು ಈ ಪಂಗಡದ ಪ್ರಚಾರಕರು. “ನಿಂತಿರುವ ಗಾಡಿಯಲ್ಲಿ ಕಾಲು ಬ್ರೇಕ್ ಮೇಲೇ ಇರುತ್ತಲ್ವಾ, ಇನ್ನೇನು ಬೇಕು ನಿಮಗೆ?” ಎನ್ನುತ್ತಾರೆ.

ಎಂಜಿನಿಯರಿಗೆ ಬೇಕಾದದ್ದು ಬೇರೆ. ಹೆದ್ದಾರಿಯಿಂದ ಇಳಿಯುವ ಚಾಲಕ ಬ್ರೇಕ್ ತುಳಿದುಕೊಂಡೇ ಆರರಿಂದ ಐದಕ್ಕೆ ಬರುತ್ತಾನೆ. ಆರು ಕೆಳಗೆ, ಐದು ಮೇಲೆ, ರಿವರ್ಸ್ ಅದರ ಪಕ್ಕ. ಕಾವಲು ಅತಿ ಅಗತ್ಯವಾದದ್ದು ಈ ಗಳಿಗೆಗೆ. ಬ್ರೇಕಿನವರ ವೈರಿಂಗಿನಲ್ಲಿ ಕಾವಲು ರಜೆ ಹಾಕುವುದೂ ಇದೇ ಗಳಿಗೆಗೆ. “ಹಾಗಾದರೆ ಕ್ಲಚ್ ಸ್ವಿಚ್ಚನ್ನೂ ಸರಣಿಯಲ್ಲಿ ಸೇರಿಸಿ” ಎಂದರು ಗೆಳೆಯರು. ಗೇರ್ ಇಳಿಸುವವನು ಕ್ಲಚ್ ತುಳಿಯದೆ ಇರುತ್ತಾನೆಯೇ? ಎರಡು ಸ್ವಿಚ್ ಹಾಕಿದರೂ ಎರಡೂ ಒಟ್ಟಿಗೆ ಒತ್ತಿಹೋಗುವ ಹೊತ್ತೇ ಅಪಾಯದ ಹೊತ್ತು. ಇಷ್ಟು ಸರಳ ತರ್ಕವನ್ನು ಒಪ್ಪದೆ “ಇಲ್ಲೀವರೆಗೆ ಏನೂ ಆಗಿಲ್ವಲ್ಲ” ಎಂದು ನಗುವವರನ್ನು ಕಂಡರೆ ಈ ಎಂಜಿನಿಯರಿಗೆ ಮೈ ಉರಿಯುತ್ತದೆ. ಏನೂ ಆಗಿಲ್ಲ ಎಂಬ ಪುರಾವೆಯ ಮೇಲೆ ಹೆಲ್ಮೆಟ್ಟನ್ನು ಕೈಗೆ ನೇತುಹಾಕಿಕೊಂಡು ಹೋಗುವವರನ್ನು ಅವರು ಹೊನ್ನಾಳಿ–ಶಿವಮೊಗ್ಗ ರಸ್ತೆಯಲ್ಲಿ ಬೇಕಾದಷ್ಟು ನೋಡಿದ್ದಾರೆ. ಡೆಟ್ರಾಯಿಟಿಗೆ ಬಂದ ಮೇಲೂ ಅದೇ ವಾದ ಕೇಳಬೇಕೆ?

ಇನ್ನೊಂದು ಸಣ್ಣ ತಗಾದೆಯೂ ಉಂಟು. ಸಿಗ್ನಲ್ಲಿನಲ್ಲಿ ಬ್ರೇಕ್ ಒತ್ತಿ ನಿಂತಷ್ಟು ಹೊತ್ತೂ ಕಾಯಿಲ್ ಸುಮ್ಮನೆ ಬಿಸಿಯಾಗುತ್ತಿರುತ್ತದೆ.

ಗುಂಡಿ ಪಂಗಡದವರು ವಾಸಿ. ಗೇರ್ ಕಡ್ಡಿಯ ಬಳಿ ಒಂದು ಒತ್ತುಗುಂಡಿ; ಒತ್ತಿ ಹಿಡಿದಾಗ ಮಾತ್ರ ರಿವರ್ಸ್. ಕೈ ಉದ್ದೇಶಪಟ್ಟು ಒತ್ತಬೇಕಾದ್ದರಿಂದ ಆಕಸ್ಮಿಕಕ್ಕೆ ಎಡೆ ಕಡಿಮೆ. ತಂತಿಯನ್ನೇ ಜೋಡಿಸದೆ ರಟ್ಟೆಬಲದಿಂದ ಎಳೆಯುವ ಮೂರನೆಯವರ ಬಗ್ಗೆ ಮಾತಾಡಿ ಫಲವಿಲ್ಲ.

ರಿವರ್ಸ್ ಲೈಟಿನ ಸ್ವಿಚ್ಚಿನಿಂದ ಕರೆಂಟು ಕೊಡಬಹುದಲ್ಲ ಎಂದು ಕೇಳುವ ಬುದ್ಧಿವಂತರೂ ಇದ್ದಾರೆ. ಆ ಸ್ವಿಚ್ ಕೆಲಸ ಮಾಡುವುದು ಗೇರು ರಿವರ್ಸಿಗೆ ಬಿದ್ದ ಮೇಲೆ. ಬೀಗದ ಕೈಯನ್ನು ಬೀಗ ಹಾಕಿದ ಕೋಣೆಯೊಳಗೆ ಇಟ್ಟಂತಾಯಿತು. ಬಾಕ್ಸಿನ ಮೈಮೇಲೆ ಇನ್ನೊಂದು ಸೊಲೆನಾಯ್ಡೂ ಕೂತಿರುತ್ತದೆ. ಇಂಧನ ಉಳಿಸಲೆಂದು, ಹಗುರವಾಗಿ ಓಡಿಸುವಾಗ ಒಂದರಿಂದ ನೇರ ನಾಲ್ಕಕ್ಕೆ ತಳ್ಳುವುದು ಅದರ ಕಸುಬು. ಅದನ್ನು ಜೋಡಿಸದೆ ಬಿಟ್ಟರೆ ಚಾಲಕನಿಗೆ ನೆಮ್ಮದಿಯೇ. ಎರಡನ್ನೂ ಅದಲುಬದಲು ಮಾಡಿಕೊಂಡು ವಾರಗಟ್ಟಲೆ ತಲೆ ಕೆಡಿಸಿಕೊಂಡವರ ಕತೆಗಳು ಬೇಕಾದಷ್ಟಿವೆ.

ಎಂಜಿನಿಯರ್ ಕೊನೆಗೆ ಹಿಡಿದದ್ದು ವೇಗ ನೋಡಿ ತೆರೆಯುವ ಪುಟ್ಟ ಪೆಟ್ಟಿಗೆಯ ದಾರಿ. ಇಲ್ಲಿ ಅವರ ಪ್ರೀತಿಯ ಲೆಕ್ಕವೊಂದಿದೆ. ಆಟೊಮ್ಯಾಟಿಕ್ ಬಾಕ್ಸಿನ ವೇಗ ಅಳೆಯುವ ಚಕ್ರಕ್ಕೆ 40 ಹಲ್ಲು, ಟಿ-56ರದಕ್ಕೆ 17. ಹಳೆಯ ಲೆಕ್ಕವನ್ನೇ ಉಳಿಸಿಕೊಂಡರೆ ಪೆಟ್ಟಿಗೆಗೆ ನಿಜವಾದ ವೇಗದ ಅರ್ಧವೂ ಕಾಣುವುದಿಲ್ಲ. ಆಗ 8 ಕಿ.ಮೀ.ಗೆ ಮುಚ್ಚಬೇಕಾದ ಕಾವಲು ಸುಮಾರು 19 ಕಿ.ಮೀ.ವರೆಗೂ ತೆರೆದೇ ಇರುತ್ತದೆ. ಸ್ಪೀಡೊಮೀಟರ್ ಸುಳ್ಳು ಹೇಳಿದರೆ ಪೊಲೀಸರು ತಿದ್ದುತ್ತಾರೆ, ಇದನ್ನು ತಿದ್ದುವವರು ಯಾರೂ ಇಲ್ಲ. ಅದಕ್ಕೇ ಪೆಟ್ಟಿಗೆಗೆ ಮೊದಲು 17ರ ಲೆಕ್ಕ ಹೇಳಿಕೊಟ್ಟರು.

ಆಮೇಲೆ ಡಯೋಡ್. ಕಾಯಿಲಿನ ಕರೆಂಟು ಕಡಿದ ಕ್ಷಣ ಅದು ಉಲ್ಟಾ ಒಂದು ದೊಡ್ಡ ವೋಲ್ಟೇಜ್ ಒದೆಯುತ್ತದೆ. ರಿಲೇಯ ತುದಿಗಳು ಸುಡುವುದು, ಪಕ್ಕದ ಎಲೆಕ್ಟ್ರಾನಿಕ್ಸ್ ಹಾಳಾಗುವುದು ಆ ಒದೆತಕ್ಕೆ. ಕೆಲವೇ ರೂಪಾಯಿಗೆ ಸಿಗುವ 1ಎನ್4007 ಡಯೋಡನ್ನು ಕಾಯಿಲಿಗೆ ಅಡ್ಡಲಾಗಿ, ಬೆಳ್ಳಿ ಪಟ್ಟೆಯ ತುದಿ ಪ್ಲಸ್ ಕಡೆಗೆ ಬರುವಂತೆ ಕೂರಿಸಿದರೆ ಒದೆತ ಅಲ್ಲೇ ಇಂಗಿಹೋಗುತ್ತದೆ. ಪಟ್ಟೆ ತಿರುಗುಮುರುಗಾದರೆ ಫ್ಯೂಸ್ ಹೋಗುತ್ತದೆ. ಜೋಡಣೆಗಳನ್ನೆಲ್ಲ ಅವರು ಒಳ್ಳೆಯ ಇಕ್ಕಳದಿಂದ ಕ್ರಿಂಪ್ ಮಾಡಿ, ಮೇಲೆ ಶಾಖಕ್ಕೆ ಕುಗ್ಗುವ ಕೊಳವೆ ಏರಿಸಿದರು. ತಂತಿ ತಿರುಚಿ ಟೇಪ್ ಸುತ್ತುವ ವಿದ್ಯೆ ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲೂ ಇದೆ, ಮಿಷಿಗನ್‌ನಲ್ಲೂ ಇದೆ. ಎಣ್ಣೆ ತಾಗಿದ ಟೇಪು ಎರಡೂ ಕಡೆ ಒಂದೇ ರೀತಿ ಬಿಚ್ಚಿಕೊಳ್ಳುತ್ತದೆ.

ಇಷ್ಟೆಲ್ಲ ಕೇಳಿದ ಅಣ್ಣ, “ನಮ್ ಕಡೆ ಕಾರಿಗೆ ಇವೆಲ್ಲ ಎಲ್ಲೈತಿ?” ಎಂದ. ಇದೆ, ಆದರೆ ಕರೆಂಟಿಲ್ಲದೆ. ಹುಂಡೈ, ಟಾಟಾ ಕಾರುಗಳಲ್ಲಿ ಗೇರ್ ಕಡ್ಡಿಯ ಕೊರಳಿನ ಉಂಗುರ ಎತ್ತಬೇಕು. ಫೋಕ್ಸ್‌ವ್ಯಾಗನ್, ಸ್ಕೋಡಾಗಳಲ್ಲಿ ಕಡ್ಡಿಯನ್ನೇ ಕೆಳಕ್ಕೆ ಅದುಮಬೇಕು. ಸುಡಲು ಕಾಯಿಲಿಲ್ಲ, ಹೋಗಲು ಫ್ಯೂಸಿಲ್ಲ. ಹೊಟ್ಟೆಕಿಚ್ಚಾಗುವಷ್ಟು ಚೊಕ್ಕ.

ಮಾತು ಹೀಗೇ ಅಣ್ಣನ ಟಿಲ್ಲರಿನ ಕಡೆ ಹೊರಳಿತು. ಬೆಂಗಳೂರಿನ ವಿಎಸ್‌ಟಿ 1967ರಲ್ಲಿ ಮಿತ್ಸುಬಿಷಿಯ ಜೊತೆ ಸೇರಿ ಪವರ್ ಟಿಲ್ಲರ್ ಕೆಲಸಕ್ಕೆ ಇಳಿದ ಮೇಲೆ ಭತ್ತದ ಗದ್ದೆಗಳಲ್ಲಿ ಎತ್ತಿನ ಕೆಲಸ ಹಗುರಾಯಿತು. ಟಿಲ್ಲರಿನ ಹಿಂದೆ ಮನುಷ್ಯ ನಡೆಯುತ್ತಾನೆ, ಅವನಿಗೂ ಎಂಜಿನ್ನಿಗೂ ನಡುವೆ ರೋಟರಿಯ ಅಲಗು ತಿರುಗುತ್ತಿರುತ್ತದೆ. ಅಲಗು ತಿರುಗುವಾಗ ರಿವರ್ಸ್ ಬಿದ್ದರೆ ಯಂತ್ರ ನೇರ ಅವನ ಕಾಲಿನ ಮೇಲೇ ಬರುತ್ತದೆ. ಅದಕ್ಕಾಗಿ ಎಷ್ಟೋ ಟಿಲ್ಲರುಗಳಲ್ಲಿ ರಿವರ್ಸ್ ಇದ್ದಾಗ ರೋಟರಿ ಸೇರದಂತೆ ತಡೆ ಇರುತ್ತದೆ. ಕಮಾರೊದ ಕಾವಲು ಉಳಿಸುವುದು ಗೇರಿನ ಹಲ್ಲು. ಇದು ಉಳಿಸುವುದು ಕಾಲು.

“ಅದಾ?” ಎಂದ ಅಣ್ಣ. “ಬದುವಿನ ಮೂಲ್ಯಾಗ ತಿರುಗ್ಸಾಕೆ ಅಡ್ಡ ಬರ್ತಿತ್ತು. ಬಿಚ್ಚಿಟ್ಟೀನಿ.”

ತಮ್ಮನಿಗೆ ಪಿತ್ತ ನೆತ್ತಿಗೇರಿತು. ಬ್ರೇಕ್ ಪಂಗಡದ ಮೇಲೆ ಇಷ್ಟು ದಿನ ಕೂಡಿಟ್ಟುಕೊಂಡಿದ್ದ ಬೈಗುಳವೆಲ್ಲ ಆ ರಾತ್ರಿ ಗೋವಿನಕೋವಿಯ ಕಡೆಗೆ ಹರಿಯಿತು. ಅಣ್ಣ ಎಲ್ಲವನ್ನೂ ಸಾವಧಾನವಾಗಿ ಕೇಳಿಸಿಕೊಂಡು, “ಇಲ್ಲೀಗಂಟ ಏನೂ ಆಗಿಲ್ಲಪಾ” ಎಂದ. ಆಮೇಲೆ, ಆ ವೇಗದ ಪೆಟ್ಟಿಗೆಗೆ ಎಷ್ಟಾಯಿತು ಎಂದು ವಿಚಾರಿಸಿದ. ಎಂಜಿನಿಯರ್ ಬೆಲೆಯನ್ನು ಡಾಲರಿನಲ್ಲೇ ಹೇಳಿ, ರೂಪಾಯಿಯ ಲೆಕ್ಕ ಶುರುವಾಗುವ ಮುಂಚೆ, ಬಿಚ್ಚಿದ ತಡೆಯ ಫೋಟೊ ಈಗಲೇ ಕಳಿಸು ಎಂದು ಪಟ್ಟು ಹಿಡಿದರು. ಫೋಟೊ ಬಂತು. ಒಂದು ಸ್ಪ್ರಿಂಗು, ಒಂದು ಪಿನ್ನು, ಒಂದು ಬೋಲ್ಟು. ಬೋಲ್ಟಿನ ದಾರ ಸವೆದಿತ್ತು.