ದೂರದ ವೈದ್ಯ, ನಡುವಿನ ಮಾತು

ಈ ಸಂಚಿಕೆಗೆ ವಿಜ್ಞಾನ ಸಂಬಂಧವಾದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಘದ ಮಿತ್ರರು ಕೇಳಿದಾಗ ನಾವು ಹಿಂಜರಿದೆವು. ನಮ್ಮ ವಿದ್ಯೆ ಶಿಕ್ಷಕ ತರಬೇತಿಯ ಪ್ರಮಾಣಪತ್ರಕ್ಕೇ ನಿಂತಿತು. ಕಲಿಸುವುದು ಮೂರನೆಯ, ನಾಲ್ಕನೆಯ ತರಗತಿಯ ಮಕ್ಕಳಿಗೆ. ಆದರೆ ಕಳೆದ ಮಳೆಗಾಲದಲ್ಲಿ ನಮ್ಮ ಬೀದಿಯ ಅಜ್ಜಿಯೊಬ್ಬರೊಡನೆ ಆರೋಗ್ಯ ಕೇಂದ್ರಕ್ಕೆ ಹೋಗಿಬಂದ ಮೇಲೆ ದೂರವೈದ್ಯದ ವಿಚಾರವು ನಮ್ಮ ತಲೆಯಿಂದ ಇಳಿಯಲೇ ಇಲ್ಲ. ಕೈಗೆ ಸಿಕ್ಕಷ್ಟನ್ನು ಓದಿದೆವು. ಓದಿದುದನ್ನೂ, ನಮ್ಮಿಂದಲೇ ನಡೆದ ಒಂದು ತಪ್ಪನ್ನೂ ಇಲ್ಲಿ ಕೂಡಿಸಿ ಬರೆಯುತ್ತಿದ್ದೇವೆ.

ರೋಗಿ ಒಂದೂರಿನಲ್ಲಿ, ವೈದ್ಯರು ಇನ್ನೊಂದೂರಿನಲ್ಲಿ ಇದ್ದು, ತಂತಿಯ ಇಲ್ಲವೆ ಅಲೆಗಳ ಮೂಲಕ ಪರೀಕ್ಷೆ, ಸಲಹೆಗಳು ನಡೆಯುವುದಕ್ಕೆ ಟೆಲಿಮೆಡಿಸಿನ್ ಎಂದು ಹೆಸರು. ಇದು ನಿನ್ನೆ ಮೊನ್ನೆಯದೆಂದು ನಾವು ತಿಳಿದಿದ್ದೆವು. ಹಾಗಲ್ಲ. ೧೯೦೫ರಷ್ಟು ಹಿಂದೆಯೇ ಹಾಲೆಂಡಿನ ಲೈಡನ್ ನಗರದಲ್ಲಿ ಐಂಥೋವನ್ ಎಂಬ ವಿಜ್ಞಾನಿಯು ಆಸ್ಪತ್ರೆಯಲ್ಲಿ ಮಲಗಿದ್ದ ರೋಗಿಯ ಹೃದಯದ ವಿದ್ಯುತ್ ಸ್ಪಂದನವನ್ನು ಟೆಲಿಫೋನ್ ತಂತಿಯ ಮೂಲಕ ಸುಮಾರು ಒಂದೂವರೆ ಕಿಲೋಮೀಟರು ದೂರದ ತನ್ನ ಪ್ರಯೋಗಶಾಲೆಗೆ ತರಿಸಿಕೊಂಡು ದಾಖಲಿಸಿದನು. ಅವನ ಯಂತ್ರವು ಆಸ್ಪತ್ರೆಗೆ ಹೊತ್ತೊಯ್ಯಲಾಗದಷ್ಟು ಭಾರವಾಗಿತ್ತು. ಯಂತ್ರವೂ ಕದಲದು, ರೋಗಿಯೂ ಕದಲನು. ಆದುದರಿಂದ ಎದೆಯ ಮಿಡಿತವನ್ನೇ ಕದಲಿಸಿದರು!

ನಮ್ಮ ದೇಶದಲ್ಲಿ ೨೦೦೦ದಲ್ಲಿ ಚಿತ್ತೂರು ಜಿಲ್ಲೆಯ ಅರಗೊಂಡ ಗ್ರಾಮದ ಆಸ್ಪತ್ರೆಯನ್ನು ಚೆನ್ನೈಗೆ ಜೋಡಿಸಿದರು. ೨೦೦೨ರಲ್ಲಿ ಇಸ್ರೋ ಸಂಸ್ಥೆಯ ಉಪಗ್ರಹದ ನೆರವಿನಿಂದ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯೂ ಜೋಡಣೆಗೊಂಡವು. ಅಲ್ಲಿಯವರೆಗಿನ ಸಂಶೋಧನೆಯ ಮುಖ್ಯ ಪ್ರಶ್ನೆ ಒಂದೇ: ಇದು ಆದೀತೆ? ಚಿತ್ರ ಮುಟ್ಟೀತೆ, ಧ್ವನಿ ಕೇಳೀತೆ?

ಆಗುತ್ತದೆಂದು ತಿಳಿದ ಮೇಲೆ ಎರಡನೆಯ ಪ್ರಶ್ನೆ ಎದ್ದಿತು: ಎದುರಿಗೆ ಕುಳಿತು ನೋಡಿದಷ್ಟೇ ಇದೂ ಒಳ್ಳೆಯದೆ? ಕಾಕ್ರೇನ್ ಎಂಬ ಸಂಶೋಧಕರ ಬಳಗವು ೨೦೧೫ರಲ್ಲಿ ಇಂತಹ ೯೩ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿತು. ಅವುಗಳಲ್ಲಿ ಭಾಗಿಗಳಾದವರು ೨೨ ಸಾವಿರಕ್ಕೂ ಹೆಚ್ಚು ಜನ. ದುರ್ಬಲ ಹೃದಯದ ರೋಗಿಗಳಲ್ಲಿ ದೂರದಿಂದ ನೋಡಿದರೂ ಹತ್ತಿರದಿಂದ ನೋಡಿದರೂ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ ರಕ್ತದ ಸಕ್ಕರೆಯು ತುಸು ಹೆಚ್ಚಾಗಿಯೇ ಹತೋಟಿಗೆ ಬಂದಿತು.

ನಮ್ಮ ಮನಸ್ಸನ್ನು ಹಿಡಿದುದು ಮಾತ್ರ ಮೂರನೆಯ ಬಗೆಯ ಸಂಶೋಧನೆ. ತಿಂಗಳು ತುಂಬದೆ ಹುಟ್ಟಿದ ಕೆಲವು ಕೂಸುಗಳಿಗೆ ಕಣ್ಣಿನ ಹಿಂಪರದೆಯ ರೋಗ ತಗಲುತ್ತದೆ. ಕೆಲವೇ ವಾರಗಳಲ್ಲಿ ಗುರುತಿಸಿ ಚಿಕಿತ್ಸೆ ಮಾಡದಿದ್ದರೆ ದೃಷ್ಟಿ ಹೋಗುವ ಭಯ. ಇದನ್ನು ಬಲ್ಲ ತಜ್ಞರು ಬಹಳ ವಿರಳ. ಬೆಂಗಳೂರಿನ ನಾರಾಯಣ ನೇತ್ರಾಲಯದವರು ೨೦೦೮ರಲ್ಲಿ ಆರಂಭಿಸಿದ ಕಿಡ್ರಾಪ್ ಎಂಬ ಯೋಜನೆಯಲ್ಲಿ ವೈದ್ಯರಲ್ಲದ ತಂತ್ರಜ್ಞರು ವಿಶೇಷ ಕ್ಯಾಮೆರಾದೊಡನೆ ಊರೂರಿನ ಆಸ್ಪತ್ರೆಗಳಿಗೆ ಹೋಗಿ ಕೂಸುಗಳ ಕಣ್ಣಿನ ಚಿತ್ರ ತೆಗೆಯುತ್ತಾರೆ. ತಜ್ಞರು ಅದನ್ನು ದೂರದಲ್ಲಿದ್ದುಕೊಂಡೇ ನೋಡಿ ಹೇಳುತ್ತಾರೆ. ಅಲ್ಲಿ ಯಂತ್ರವನ್ನಷ್ಟೇ ಪರೀಕ್ಷಿಸಿ ಸುಮ್ಮನಾಗಲಿಲ್ಲ. ಆ ತಂತ್ರಜ್ಞರ ತೀರ್ಮಾನವನ್ನೂ ತಜ್ಞರ ತೀರ್ಮಾನದೊಡನೆ ಹೋಲಿಸಿ ನೋಡಿದರು. ಎಂದರೆ, ಈಚೆಯ ತುದಿಯಲ್ಲಿ ನಿಂತಿರುವವನು ಯಾರು, ಅವನಿಗೆ ಏನು ಬರುತ್ತದೆ ಎಂಬುದೂ ಸಂಶೋಧನೆಯ ವಸ್ತುವಾಯಿತು. ನಮ್ಮ ಕತೆಯು ಈ ಈಚೆಯ ತುದಿಯದೇ.

೨೦೧೯ರ ನವೆಂಬರಿನಲ್ಲಿ ಕೇಂದ್ರ ಸರ್ಕಾರದ ಇ-ಸಂಜೀವನಿ ಆರಂಭವಾದ ಮೇಲೆ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಕುಳಿತು ದೂರದ ವೈದ್ಯರನ್ನು ಪರದೆಯ ಮೇಲೆ ಕಾಣುವ ಅನುಕೂಲ ಒದಗಿತು. ಕರ್ನೂಲಿಗೆ ಬಸ್ಸು ಹಿಡಿದು ದಿನವಿಡೀ ಕಳೆಯಬೇಕಾದ ನಮ್ಮ ಕಡೆಯವರಿಗೆ ಇದು ಸಣ್ಣ ಉಪಕಾರವಲ್ಲ. ಆದರೆ ಕೌತಾಳಂ ಎಂಥ ಊರೆಂಬುದು ವಾಚಕರಿಗೆ ತಿಳಿದೇ ಇದೆ. ೧೯೫೩ರ ಅಕ್ಟೋಬರ್ ೧ರಂದು ಆದವಾನಿ ತಾಲ್ಲೂಕು ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಆಂಧ್ರಕ್ಕೆ ಸೇರಿತು. ಅಡುಗೆಮನೆಯ ಮಾತು ಮಾತ್ರ ಎಲ್ಲಿಗೂ ಹೋಗಲಿಲ್ಲ. ನಮ್ಮಂಥವರು ಸಂತೆಯಲ್ಲಿ, ಕಚೇರಿಯಲ್ಲಿ ತೆಲುಗನ್ನು ಕಲಿತೆವು. ಮನೆ ಮತ್ತು ಹೊಲ ಬಿಟ್ಟು ಬೇರೆಡೆ ಹೋಗದ ಅಜ್ಜಿಯಂದಿರಿಗೆ ನೋವನ್ನು ಹೇಳಲು ಇರುವುದು ಕನ್ನಡವೊಂದೇ.

ಆ ದಿನ ಪರದೆಯ ಮೇಲೆ ಕಾಣಿಸಿಕೊಂಡವರು ಎಳೆಯ ವಯಸ್ಸಿನ ವೈದ್ಯರು. ಏನು ತೊಂದರೆಯೆಂದು ತೆಲುಗಿನಲ್ಲಿ ಕೇಳಿದರು. ಅಜ್ಜಿ ಮುಂದಕ್ಕೆ ಬಾಗಿ, “ರಾತ್ರಿಯೆಲ್ಲಾ ಉರಿಯಪ್ಪಾ, ಉರಿ! ತಡಿಯಾಕ ಆಗವಲ್ದು. ಜೀವ ಸಾಕಾಗೈತಿ” ಎಂದರು. ವೈದ್ಯರ ಮುಖ ಒಮ್ಮೆಗೇ ಬದಲಾಯಿತು. “ಉರಿ ಅಂಟುನ್ನಾರಾ?” ಎಂದು ನಮ್ಮನ್ನು ಕೇಳಿದರು. ತೆಲುಗಿನಲ್ಲಿ ಉರಿ ಎಂದರೆ ನೇಣು. ವೃದ್ಧೆಯೊಬ್ಬಳು ಜೀವ ಸಾಕಾಯಿತೆಂದು ನೇಣಿನ ಮಾತಾಡುತ್ತಿದ್ದಾಳೆಂದು ಅವರಿಗೆ ಕೇಳಿಸಿತ್ತು! ನಾವು ಗಾಬರಿಯಿಂದ, “ಮಂಟ, ಸಾರ್, ಅರಿಕಾಳ್ಳ ಮಂಟ” ಎಂದು ತಿದ್ದಿದೆವು. ಅಂಗಾಲಿನ ಉರಿಯೆಂದು ತಿಳಿದ ಕೂಡಲೇ ಅವರ ಪ್ರಶ್ನೆಗಳ ದಾರಿ ಸಕ್ಕರೆ ಕಾಯಿಲೆಯ ಕಡೆಗೆ ತಿರುಗಿತು. ನರ್ಸಮ್ಮನಿಂದ ಅಜ್ಜಿಯ ಕಣ್ಣು ಮುಚ್ಚಿಸಿ, ಅಂಗಾಲನ್ನು ಅಲ್ಲಲ್ಲಿ ಮೆಲ್ಲಗೆ ಮುಟ್ಟಿಸಿದರು. ಎರಡು ಕಡೆ ಮುಟ್ಟಿದುದು ಅಜ್ಜಿಗೆ ಗೊತ್ತೇ ಆಗಲಿಲ್ಲ. ಬೆರಳ ಸಂದಿಯಲ್ಲಿದ್ದ ಸಣ್ಣ ಹುಣ್ಣು ಕ್ಯಾಮೆರಾಕ್ಕೆ ಕಾಣಲಿಲ್ಲ, ಕಂಡುದು ನರ್ಸಮ್ಮನಿಗೆ.

ಒಂದು ಪದವನ್ನು ತಿದ್ದಿದ ಹೆಮ್ಮೆಯಲ್ಲಿ ನಾವು ಕೊಂಚ ಉಬ್ಬಿದ್ದೆವೆಂಬುದನ್ನು ಮುಚ್ಚಿಡಲಾರೆವು. ಅಷ್ಟರಲ್ಲಿ ವೈದ್ಯರು, ಈಗ ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಕೇಳಿದರು. ಅಜ್ಜಿ ನಮ್ಮ ಕಡೆಗೆ ತಿರುಗಿ ಮೆಲುದನಿಯಲ್ಲಿ, “ನನಗ ಯಾರು ಕೊಡ್ತಾರ ಮೇಷ್ಟ್ರೆ? ಬಾಜೂ ಮನಿ ಆಕಿ ಸಕ್ರಿ ಗುಳಿಗಿ ತರ್ತಾಳಲ್ಲ, ಅದ್ರಾಗ ದಿನಾ ಒಂದು ಇಸಗಂಡು ನುಂಗ್ತೀನಿ” ಎಂದರು. ಬಾಗಿಲಲ್ಲಿ ಜನ ಕಾದಿದ್ದರು. ನೆರೆಯವಳ ಗುಳಿಗೆಯ ಸಂಗತಿ ಹೇಳಿದರೆ ಅಜ್ಜಿಗೆ ಬೈಗುಳ ಬಿದ್ದೀತೆಂದು ನಮಗೆ ಸಂಕೋಚ. ಅಷ್ಟುದ್ದದ ಮಾತನ್ನು ನಾವು ಒಂದೇ ಪದಕ್ಕೆ ಇಳಿಸಿದೆವು: “ಲೇದಂಡಿ.” ಇಲ್ಲವೆಂದು.

ವೈದ್ಯರು ತಾವು ಕೇಳಿದುದನ್ನು ನಂಬಿ ಗುಳಿಗೆ ಬರೆದರು. ಅಜ್ಜಿ ಇದನ್ನೂ ನುಂಗಿದರು, ಅದನ್ನೂ ಬಿಡಲಿಲ್ಲ. ಒಂಬತ್ತನೆಯ ದಿನ, ಇನ್ನೂ ಬೆಳಕು ಹರಿಯುವ ಮುನ್ನ, ನಮ್ಮ ಶಾಲೆಯಲ್ಲೇ ಓದುವ ಅವರ ಮೊಮ್ಮಗಳು ಓಡಿಬಂದಳು. ಹೋಗಿ ನೋಡಿದರೆ ಅಜ್ಜಿಯ ಮೈಯೆಲ್ಲ ಬೆವತು ತೊಯ್ದಿತ್ತು, ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಸಕ್ಕರೆ ಮಿತಿಮೀರಿ ಇಳಿದಾಗ ಹೀಗಾಗುವುದೆಂದು ಎಲ್ಲಿಯೋ ಓದಿದ್ದ ನೆನಪು. ನುಂಗುವ ಎಚ್ಚರ ಇನ್ನೂ ಇದ್ದುದರಿಂದ ಬೆಲ್ಲದ ನೀರು ಕುಡಿಸಿದೆವು. ಕಾಲು ಗಂಟೆಯಲ್ಲಿ ಕಣ್ಣು ತಿಳಿಯಾಯಿತು. ಆ ಕಾಲು ಗಂಟೆಯು ನಮಗೆ ಎಷ್ಟು ದೀರ್ಘವಾಗಿತ್ತೆಂಬುದನ್ನು ಬರೆಯುವ ಶಕ್ತಿ ನಮಗಿಲ್ಲ. ಭಾಷಾಂತರದಲ್ಲಿ ಒಂದು ವಾಕ್ಯ ಬಿಟ್ಟ ಹುಡುಗನಿಗೆ ಕೆಂಪು ಗೆರೆ ಎಳೆಯುವವರು ನಾವೇ ಅಲ್ಲವೆ?

ಆಮೇಲೆ ಓದುವಾಗ ಅಮೆರಿಕದ ಒಂದು ಅಧ್ಯಯನ ಕಣ್ಣಿಗೆ ಬಿದ್ದಿತು. ೨೦೦೩ರಲ್ಲಿ ಪ್ರಕಟವಾದುದು. ಸ್ಪ್ಯಾನಿಷ್ ಮಾತಾಡುವ ತಾಯಂದಿರಿಗೂ ಮಕ್ಕಳ ವೈದ್ಯರಿಗೂ ನಡುವೆ ದುಭಾಷಿಗಳು ನಿಂತು ನಡೆಸಿದ ೧೩ ಭೇಟಿಗಳ ಮಾತನ್ನು ಧ್ವನಿಮುದ್ರಿಸಿ ಪರಿಶೀಲಿಸಿದಾಗ ಸಿಕ್ಕ ತಪ್ಪುಗಳು ೩೯೬! ಭೇಟಿಯೊಂದಕ್ಕೆ ಸರಾಸರಿ ೩೧. ಅವುಗಳಲ್ಲಿ ಅರ್ಧಕ್ಕೂ ಹೆಚ್ಚು, ಆಡಿದುದನ್ನು ಬಿಟ್ಟುಬಿಟ್ಟ ತಪ್ಪುಗಳೇ. ತರಬೇತಿಯಿಲ್ಲದೆ ಉಪಕಾರಕ್ಕೆಂದು ನಿಂತವರ ತಪ್ಪುಗಳು ರೋಗಿಗೆ ಕೇಡು ತರುವ ಸಂಭವ ಇನ್ನೂ ಅಧಿಕವೆಂದು ಅಲ್ಲಿ ಹೇಳಿದೆ. ಸಾವಿರಾರು ಮೈಲಿ ಆಚೆಯ ಆ ಲೆಕ್ಕದಲ್ಲಿ ನಮ್ಮ “ಲೇದಂಡಿ”ಯೂ ಕುಳಿತಿರುವಂತೆ ತೋರಿತು.

ಈಗಿನ ಸಂಶೋಧನೆ ಯಂತ್ರದ ಕಡೆಗೆ ವಾಲಿದೆ. ಕಣ್ಣಿನ ಚಿತ್ರವನ್ನು ಯಂತ್ರವೇ ಓದಬಹುದೆ, ರೋಗಿಯ ಮಾತನ್ನು ಯಂತ್ರವೇ ಅನುವಾದಿಸಬಹುದೆ ಎಂದು ಪರೀಕ್ಷಿಸುತ್ತಿದ್ದಾರೆ. ನಮಗೆ ಅದರ ಮೇಲೆ ದ್ವೇಷವಿಲ್ಲ. ಯಂತ್ರವು ಸಂಕೋಚಪಟ್ಟು ವಾಕ್ಯವನ್ನು ನುಂಗಲಾರದಷ್ಟೆ! ಆದರೆ ಅದು ಯಾರ ಕನ್ನಡವನ್ನು ಕೇಳಿ ಕಲಿತಿರುತ್ತದೆ? ಬೆಂಗಳೂರಿನದೋ, ಧಾರವಾಡದ್ದೋ? “ಇಸಗಂಡು ನುಂಗ್ತೀನಿ” ಎಂಬುದು ಅದಕ್ಕೆ ತಿಳಿದೀತೆ? ಕೌತಾಳಂ, ಆದವಾನಿಗಳ ಅಜ್ಜಿಯಂದಿರ ಮುಂದೆ ಅದನ್ನು ಕೂರಿಸಿ ನೋಡಿದ ಹೊರತು ನಾವಂತೂ ಒಪ್ಪೆವು.

ಮರುದಿನವೇ ಅಜ್ಜಿಯನ್ನು ಕರೆದುಕೊಂಡು ಹೋದೆವು. ಅದೃಷ್ಟಕ್ಕೆ ಅದೇ ವೈದ್ಯರು ಸಿಕ್ಕಿದರು. ನಡೆದುದನ್ನೆಲ್ಲ, ನಮ್ಮ ತಪ್ಪನ್ನೂ ಸೇರಿಸಿ, ಒಪ್ಪಿಸಿದೆವು. ಅವರು ಸಿಟ್ಟಾಗಲಿಲ್ಲ. ನೆರೆಯವಳ ಗುಳಿಗೆಯ ಹಾಳೆಯನ್ನು ಕ್ಯಾಮೆರಾಕ್ಕೆ ಹಿಡಿಯಹೇಳಿ ಹೆಸರು ಓದಿಕೊಂಡು, ಅದನ್ನು ನಿಲ್ಲಿಸಿ, ತಮ್ಮ ಗುಳಿಗೆಯ ಪ್ರಮಾಣವನ್ನೂ ಬದಲಿಸಿದರು. ಅಜ್ಜಿ ಹೇಳಿದ ಪ್ರತಿಯೊಂದು ಮಾತನ್ನೂ ನಾವು ಆ ದಿನ ಬಿಡದೆ ದಾಟಿಸಿದೆವು. ಕೊನೆಗೆ ಅಜ್ಜಿ ಏಳುತ್ತ, “ಆ ಹುಡುಗನ ಊರು ಯಾವುದು, ಕೇಳ್ರಿ ಮೇಷ್ಟ್ರೆ” ಎಂದರು. ಬಾಗಿಲಲ್ಲಿ ಅಂದೂ ಜನ ಕಾದಿದ್ದರು. ಆದರೂ ಕೇಳಿದೆವು. ಶ್ರೀಕಾಕುಳಂ ಎಂದರು. ಅದು ಸಮುದ್ರದ ಆಚೆಯೇನೋ ಎಂಬಂತೆ ಅಜ್ಜಿ ತಲೆದೂಗಿ, “ಅಷ್ಟು ದೂರದಿಂದ ಬಂದಾನ, ಉಂಡಾನೇನು ಕೇಳ್ರಿ” ಎಂದರು. ಅದನ್ನೂ ಕೇಳಿದೆವು.