ಮಾನೇಭಂಜ್ಯಾಂಗಿನ ಮುದಿಬಂಡಿ

ದಾರ್ಜಿಲಿಂಗಿನಿಂದ ಇಪ್ಪತ್ತೈದು ಕಿಲೋಮೀಟರಿಗೆ ತುಸು ಹೆಚ್ಚು ದೂರದಲ್ಲಿ ಮಾನೇಭಂಜ್ಯಾಂಗ್ ಎಂಬ ಸಣ್ಣ ಊರಿರುವುದು. ನೇಪಾಳಿ ಭಾಷೆಯಲ್ಲಿ ಭಂಜ್ಯಾಂಗ್ ಎಂದರೆ ಎರಡು ಗುಡ್ಡಗಳ ನಡುವಣ ತಗ್ಗುದಾರಿ. ಮಾನೇ ಎಂದರೆ ಬೌದ್ಧರು ತಮ್ಮ ಮಣಿಮಂತ್ರವನ್ನು ಕೆತ್ತಿ ನಿಲ್ಲಿಸುವ ಕಲ್ಲುಕಟ್ಟಡ. ಬೀದಿಯ ಒಂದು ಮಗ್ಗುಲು ನಮ್ಮ ದೇಶ, ಮತ್ತೊಂದು ಮಗ್ಗುಲು ನೇಪಾಳ. ಇಲ್ಲಿಂದ 31 ಕಿಲೋಮೀಟರು ಏರಿದರೆ 3,636 ಮೀಟರ್ ಎತ್ತರದ ಸಂದಕ್ಫು ಶಿಖರವು ದೊರೆಯುವುದು. ಪಶ್ಚಿಮ ಬಂಗಾಳದಲ್ಲಿ ಅದಕ್ಕಿಂತ ಎತ್ತರವಾದ ನೆಲೆಯಿಲ್ಲ. ಆಕಾಶವು ನಿರ್ಮಲವಾಗಿದ್ದರೆ ಎವರೆಸ್ಟ್, ಕಾಂಚನಜಂಗಾ, ಲ್ಹೋತ್ಸೆ, ಮಕಾಲು ಎಂಬ ನಾಲ್ಕು ಮಹಾಶಿಖರಗಳೂ ಅಲ್ಲಿಂದ ಕಾಣಿಸುವುವು.

ಆದರೆ ನಾನು ಬರೆಯಹೊರಟಿರುವುದು ಶಿಖರಗಳನ್ನು ಕುರಿತಲ್ಲ. ಆ ದಾರಿಯನ್ನು ಏರುವ ಮುದಿಬಂಡಿಗಳನ್ನು ಕುರಿತು. ಅವು ಲ್ಯಾಂಡ್ ರೋವರ್ ಎಂಬ ಆಂಗ್ಲ ಮೋಟಾರುಗಳು. ಹಲವಕ್ಕೆ ನನಗಿಂತಲೂ ಹೆಚ್ಚು ವಯಸ್ಸು.

ಈ ಬಂಡಿಯ ಜನ್ಮವೃತ್ತಾಂತವು ಸ್ವಾರಸ್ಯವಾದುದು. ಎರಡನೆಯ ಮಹಾಯುದ್ಧವು ಮುಗಿದ ಮೇಲೆ ರೋವರ್ ಕಂಪನಿಯ ಮುಖ್ಯ ಯಂತ್ರಶಿಲ್ಪಿಯಾಗಿದ್ದ ಮಾರಿಸ್ ವಿಲ್ಕ್ಸ್ ಎಂಬವರು ಆಂಗಲ್‌ಸೀ ದ್ವೀಪದ ತಮ್ಮ ಹೊಲಮನೆಯಲ್ಲಿ ಸೈನ್ಯದ ಹಳೆಯ ಜೀಪೊಂದನ್ನು ದುಡಿಸಿಕೊಳ್ಳುತ್ತಿದ್ದರು. ಅದು ಸವೆದುಹೋದರೆ ಮುಂದೇನು ಗತಿ ಎಂಬ ಯೋಚನೆಯಿಂದ ಹುಟ್ಟಿದುದೇ ಲ್ಯಾಂಡ್ ರೋವರ್. 1948ರ ಏಪ್ರಿಲ್ 30ರಂದು ಆಮ್‌ಸ್ಟರ್‌ಡ್ಯಾಂ ನಗರದ ಮೋಟಾರು ಪ್ರದರ್ಶನದಲ್ಲಿ ಅದನ್ನು ಲೋಕಕ್ಕೆ ತೋರಿಸಿದರು. ಆ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಉಕ್ಕಿಗೆ ಅಭಾವವಿದ್ದುದರಿಂದ ಬಂಡಿಯ ಮೈಯನ್ನು ಅಲ್ಯೂಮಿನಿಯಂ ಮಿಶ್ರಲೋಹದ ತಗಡಿನಿಂದ ಮಾಡಿದರು. ಬಡತನವೇ ವರವಾಯಿತೆನ್ನಬೇಕು, ಏಕೆಂದರೆ ಆ ಮೈಗೆ ಕಬ್ಬಿಣದಂತೆ ತುಕ್ಕು ಹಿಡಿಯದು. ಕೆಳಗಿನ ಚೌಕಟ್ಟು ಮಾತ್ರ ಉಕ್ಕಿನದು. ಅದೂ ಪೆಟ್ಟಿಗೆಯಂತೆ ಟೊಳ್ಳು. ಹೊಕ್ಕ ನೀರು ಅಲ್ಲಿಯೇ ನಿಂತು ಒಳಗಿನಿಂದ ಲೋಹವನ್ನು ತಿನ್ನುತ್ತ ಹೋಗುವುದು. ಹೊರಗೆ ಆರೋಗ್ಯ, ಒಳಗೆ ಕ್ಷಯ.

ಚಹದ ತೋಟದ ದೊರೆಗಳು ತರಿಸಿದ್ದ ಈ ಬಂಡಿಗಳು ಅವರು ಹೊರಟುಹೋದ ಮೇಲೆ ಬೆಟ್ಟದ ಸಂಸಾರಗಳ ಕೈಸೇರಿ, ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಬಂದಿರುವುವು. ನಮ್ಮಲ್ಲಿ ಗದ್ದೆಯ ಪಾಲು ಬರುವಂತೆ!

ಕಳೆದ ಚೈತ್ರದಲ್ಲಿ ನಾನು, ನನ್ನ ಮನೆಯವರು, ಮಗ ಮೂವರೂ ಅಲ್ಲಿಗೆ ಹೋದಾಗ ಎರಡು ದಿನ ಮಂಜು ಕವಿದು ಪ್ರಯಾಣವು ನಿಂತಿತು. ನಾವಿಳಿದಿದ್ದ ಮನೆಯ ಹಿಂದುಗಡೆ ತಗಡಿನ ಚಪ್ಪರದ ಕೆಳಗೆ ಅಂತಹ ಬಂಡಿಯೊಂದನ್ನು ಬಿಚ್ಚಿ ಹರಡಿದ್ದರು. ಹಿಂಭಾಗದಲ್ಲಿ ಸಾಮಾನು ಹೊರುವ ತೆರೆದ ತೊಟ್ಟಿಯುಳ್ಳ ಬಂಡಿ. ಅಂಥವು ಆ ಊರಿನಲ್ಲಿಯೂ ವಿರಳವೆಂದು ಹೇಳಿದರು. ಮನೆಯ ಯಜಮಾನನು ನನ್ನ ವಯಸ್ಸಿನವನೇ. ಅವನು ಸಣ್ಣ ಸುತ್ತಿಗೆಯಿಂದ ಚೌಕಟ್ಟನ್ನು ಅಂಗುಲ ಅಂಗುಲವಾಗಿ ತಟ್ಟಿ ಕಿವಿಗೊಡುವನು. ಗಟ್ಟಿಯಾದ ಕಡೆ ಗಂಟೆಯಂತಹ ನಾದ. ತುಕ್ಕು ತಿಂದ ಕಡೆ ಒಡೆದ ಮಡಕೆಯ ಸದ್ದು. ಅಲ್ಲಿ ಸೊಸೆಯು ಸೀಮೆಸುಣ್ಣದಿಂದ ಗುರುತು ಹಾಕುವಳು. ಮಗನು ಆ ಭಾಗವನ್ನು ಕತ್ತರಿಸಿ ಹೊಸ ಉಕ್ಕಿನ ತಗಡನ್ನು ಬೆಸೆಯುವನು. ಹತ್ತು ವರ್ಷದ ಮೊಮ್ಮಗನಿಗೆ ತಿರುಪುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಡಬ್ಬಿಗಳಲ್ಲಿ ವಿಂಗಡಿಸುವ ಕೆಲಸ. ನನ್ನ ಮನೆಯವರು ನೋಡುತ್ತ ನಿಂತಿದ್ದವರು, "ನಮ್ಮ ಮನೇಲಿ ಮದುವೆಗೆ ಪಾತ್ರೆ ಎಣಿಸಿಡೋ ಹಾಗಿದೆ ನೋಡಿ" ಎಂದರು.

ಆ ಬಂಡಿಯಲ್ಲಿ ಮೂಲದ ಪೆಟ್ರೋಲ್ ಇಂಜಿನ್ನು ಇರಲಿಲ್ಲ. ಬಹುಕಾಲದ ಹಿಂದೆಯೇ ಅದನ್ನು ತೆಗೆದು ಮಹೀಂದ್ರಾ ಡೀಸೆಲ್ ಇಂಜಿನ್ನನ್ನು ಕೂರಿಸಿದ್ದರು. ಪರಜಾತಿಯ ಇಂಜಿನ್ನು ಹಳೆಯ ಗೇರುಪೆಟ್ಟಿಗೆಗೆ ಹೊಂದುವಂತೆ ನಡುವೆ ದಪ್ಪನೆಯ ಉಕ್ಕಿನ ಫಲಕ. ಮುಂಭಾಗದ ಹೆಚ್ಚಿನ ಭಾರಕ್ಕಾಗಿ ಕಮಾನುಪಟ್ಟಿಗೆ ಮತ್ತೊಂದು ಎಲೆ. ತೊಟ್ಟಿಯಲ್ಲಿ ಪ್ರಯಾಣಿಕರಿಗೆ ಎದುರುಬದುರಾದ ಎರಡು ಹಲಗೆಗಳು. ಇವೆಲ್ಲ ಆ ಸಂಸಾರದವರೇ ಮಾಡಿಕೊಂಡವು. ನಮ್ಮ ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ಸಂಗ್ರಹವನ್ನು ನೋಡಿದ ಓದುಗರು ಇದನ್ನು ಅಪಚಾರವೆಂದಾರು. ಆದರೆ ಅಲ್ಲಿಯವು ವಿಶ್ರಾಂತಿಯಲ್ಲಿರುವ ಬಂಡಿಗಳು. ಇದು ಇನ್ನೂ ದುಡಿಯುತ್ತಿರುವುದು. ಸಂಸ್ಕೃತದಲ್ಲಿ ಜೀರ್ಣೋದ್ಧಾರವೆಂಬ ಶಬ್ದವಿದೆಯಷ್ಟೆ. ಉದ್ಧಾರವೆಂದರೆ ಮೇಲೆತ್ತುವುದು. ಮೊದಲಿದ್ದಂತೆಯೇ ಇರಿಸಬೇಕೆಂಬ ಅರ್ಥವು ಆ ಶಬ್ದದಲ್ಲಿಲ್ಲ. ಹೀಗೆಂದು ನನ್ನ ಮಗನಿಗೆ ವಿವರಿಸಿದರೆ ಅವನು ನಕ್ಕುಬಿಟ್ಟನು. ಮೇಷ್ಟರ ಚಾಳಿ!

ಎರಡನೆಯ ದಿನ ಸಂಜೆ ಚಪ್ಪರದಲ್ಲಿ ಮಾತು ಬಿರುಸಾಯಿತು. ಮೂಲದ ಇಂಜಿನ್ನು ಮೂಲೆಯಲ್ಲಿ ಗೋಣಿತಟ್ಟು ಹೊದ್ದು ಕುಳಿತಿದ್ದಿತು. ವಾರಕ್ಕೊಮ್ಮೆ ಯಜಮಾನನು ಅದಕ್ಕೆ ಎಣ್ಣೆ ಹಾಕಿ ಕೈಯಿಂದ ತಿರುಗಿಸಿಡುವನಂತೆ. ತನ್ನ ತಂದೆ ಕೊಂಡು ತಂದಾಗ ಇದ್ದಂತೆಯೇ ಬಂಡಿಯನ್ನು ಒಮ್ಮೆಯಾದರೂ ಓಡಿಸಬೇಕೆಂಬುದು ಅವನ ಬಯಕೆ. ಆದರೆ ಚೌಕಟ್ಟಿನ ಹಿಂದಿನ ಅಡ್ಡತೊಲೆಯು ಪೂರ್ತಿಯಾಗಿ ಕೊಳೆತಿದ್ದಿತು. ಅದಕ್ಕೆ ಬೇಕಾದ ಹಣವಿರಲಿಲ್ಲ. ಹಳೆಯ ವಾಹನಗಳನ್ನು ಸಂಗ್ರಹಿಸುವವರೊಬ್ಬರು ಆ ಇಂಜಿನ್ನೊಂದಕ್ಕೇ ಒಳ್ಳೆಯ ಬೆಲೆ ಹೇಳಿಕಳುಹಿಸಿದ್ದರು. ಸೊಸೆಯು ಲೆಕ್ಕದ ಪುಸ್ತಕವನ್ನು ತಂದು ತೆರೆದಳು. ಬಂಡಿ ನಿಂತ ದಿನಗಳೆಷ್ಟು, ಹುಡುಗನ ಶಾಲೆಯ ಶುಲ್ಕವೆಷ್ಟು, ಪೆಟ್ರೋಲಿಗೆ ತಗಲುವುದೆಷ್ಟು, ಎಲ್ಲವನ್ನೂ ಓದಿದಳು. ಧ್ವನಿಯೇರಿಸಲಿಲ್ಲ. ಮಗನು ತಂದೆಯ ಮುಖವನ್ನು ನೋಡಲಾರದೆ ಬೆಸುಗೆಯ ಕಡ್ಡಿಗಳನ್ನು ಎಣಿಸುತ್ತಿದ್ದನು. ಹಿಂದಿಯಲ್ಲಿ ನಡೆದ ಆ ಮಾತು ನನಗೆ ಅರ್ಧ ತಿಳಿಯಿತು. ಉಳಿದರ್ಧಕ್ಕೆ ಭಾಷೆ ಬೇಕಿರಲಿಲ್ಲ. ಯಜಮಾನನು ಉತ್ತರ ಕೊಡದೆ ಎದ್ದು ಹೋದನು.

ಮರುದಿನ ಬಾನು ತೆರೆಯಿತು. ನೆರೆಮನೆಯವರ ಬಂಡಿಯಲ್ಲಿ ಹೊರಟೆವು. ದಾರಿಯ ಕೆಲವು ಭಾಗಗಳಿಗೆ ಈಗ ಕಾಂಕ್ರೀಟು ಬಿದ್ದಿದೆ. ಉಳಿದೆಡೆ ಬಂಡೆಗಲ್ಲುಗಳನ್ನು ಸುರಿದಂತಿದೆ. ಮಂದಗತಿಯ ಗೇರಿನಲ್ಲಿ ನಾಲ್ಕು ಚಕ್ರಗಳೂ ನೆಲವನ್ನು ಕಚ್ಚಿ, ಮುದುಕನು ಮೆಟ್ಟಿಲೇರುವಂತೆ ಒಂದೊಂದೇ ಕಲ್ಲನ್ನು ಹತ್ತುವುವು. ತುಮ್ಲಿಂಗ್, ಗೈರಿಬಾಸ್, ಕಾಲಿಪೋಖ್ರಿಗಳು ಹಿಂದಾದವು. ಇಕ್ಕೆಲಗಳಲ್ಲಿ ಗುರಾಂಸ್ ಮರಗಳು ಕೆಂಪಾಗಿ ಹೂತಿದ್ದುವು. ತಿರುವುಗಳಲ್ಲಿ ನನ್ನ ಮನೆಯವರು ಕಣ್ಣು ಮುಚ್ಚಿಕೊಂಡು ದೇವರನಾಮ ಹೇಳುತ್ತಿದ್ದರು. ಚಾಲಕನು ಒಂದು ಕೈಯಲ್ಲಿ ಚಕ್ರವನ್ನು ಹಿಡಿದು ಸಿಳ್ಳು ಹಾಕುತ್ತಿದ್ದನು. ಮರುದಿನ ಬೆಳಗಿನ ಜಾವ ಕಾಂಚನಜಂಗೆಯ ಮೇಲೆ ಬಿದ್ದ ಮೊದಲ ಬಿಸಿಲನ್ನು ವರ್ಣಿಸುವ ಶಕ್ತಿ ನನ್ನ ಲೇಖನಿಗಿಲ್ಲ.

ಇಳಿದು ಬಂದಾಗ ಮೂಲೆಯ ಗೋಣಿತಟ್ಟು ಮಡಿಸಿಟ್ಟಿದ್ದಿತು; ಇಂಜಿನ್ನು ಇರಲಿಲ್ಲ. ಹಿಂದಿನ ದಿನ ನಾಲ್ವರು ಬಂದು ಹೊತ್ತರಂತೆ. ಯಜಮಾನನು ಅದರ ಸಂಖ್ಯೆಯನ್ನು ತಾನೇ ಉಜ್ಜಿ ಬೆಳಗಿ ಕೊಟ್ಟನೆಂದು ಸೊಸೆಯು ಮೆಲ್ಲನೆ ತಿಳಿಸಿದಳು. ಹೊಸ ಅಡ್ಡತೊಲೆಯು ಆಗಲೇ ಬಂದಿದ್ದಿತು. ಮುದುಕನು ಅದಕ್ಕೆ ಎರಡನೆಯ ಸಲ ಬಣ್ಣ ಬಳಿಯುತ್ತ, ಟೊಳ್ಳಿನ ಒಳಗೂ ಬಣ್ಣ ಮುಟ್ಟುವಂತೆ ಉದ್ದನೆಯ ಕಡ್ಡಿಗೆ ಬಟ್ಟೆ ಸುತ್ತುವುದನ್ನು ಮೊಮ್ಮಗನಿಗೆ ತೋರಿಸಿಕೊಡುತ್ತಿದ್ದನು.